ಏನೂ ಆಗಲಿಲ್ಲ ಅಂದಮೇಲೆ ಅಷ್ಟೆಲ್ಲ ಯಾಕೆ ಮಾಡಿದರು?

ಸೋಮವಾರಪೇಟೆಯ ಓದುಗರೊಬ್ಬರ ಪತ್ರ: “2000ನೇ ಇಸವಿ ಬಂದರೆ ಕಂಪ್ಯೂಟರ್‌ಗಳೆಲ್ಲ ಕೆಡುತ್ತವೆ ಅಂದರು, ಏನೂ ಆಗಲಿಲ್ಲ. ಪಕ್ಕದ ಕೇರಳದಲ್ಲಿ ನಿಪಾ ಜ್ವರ ಅಂದರು, ಕೊಡಗಿಗೆ ಬರಲೇ ಇಲ್ಲ. ಕೊರೊನಾ ಅಂತಲೂ ಸುಮ್ನೆ ಹೆದರಿಸಿ ನಮ್ಮ ಹೋಂಸ್ಟೇ ಮುಚ್ಚಿಸಿದರು. ಇನ್ನೊಮ್ಮೆ ಇವರ ಮಾತು ಯಾಕೆ ಕೇಳಬೇಕು?”

ಸಂಪಾದಕರ ಉತ್ತರ:

ನಿಮ್ಮ ನಷ್ಟ ನಿಜ. ಆದರೆ ಏನೂ ಆಗದೇ ಇದ್ದದ್ದು ತಾನಾಗಿ ಅಲ್ಲ. ಹಳೇ ಪ್ರೋಗ್ರಾಂಗಳಲ್ಲಿ ಇಸವಿಗೆ ಎರಡೇ ಅಂಕಿ ಇದ್ದವು. 99 ಆದಮೇಲೆ 00 ಬಂದರೆ ಯಂತ್ರಕ್ಕೆ ಅದು 1900. ಬೆಂಗಳೂರಿನ ಹುಡುಗರೂ ಸೇರಿ ಸಾವಿರಾರು ಜನ ವರ್ಷಗಟ್ಟಲೆ ಕೂತು ಅದನ್ನು ಸಾಲು ಸಾಲಾಗಿ ತಿದ್ದಿದರು. ತಿದ್ದದೆ ಉಳಿದ ಕಡೆ ಏನಾಯಿತು ನೋಡಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಗರ್ಭಿಣಿಯರ ವಯಸ್ಸನ್ನು ಕಂಪ್ಯೂಟರ್ ತಪ್ಪಾಗಿ ಲೆಕ್ಕ ಹಾಕಿತು. ತಾಯಿಯ ವಯಸ್ಸನ್ನೂ ನೋಡಿ ಲೆಕ್ಕ ಹಾಕುವ, ಮಗುವಿಗೆ ಡೌನ್ ಸಿಂಡ್ರೋಮ್ (ಬುದ್ಧಿ, ಬೆಳವಣಿಗೆ ನಿಧಾನವಾಗುವ, ಹುಟ್ಟಿನಿಂದಲೇ ಇರುವ ಸ್ಥಿತಿ) ಬರುವ ಸಾಧ್ಯತೆ ಎಷ್ಟು ಅನ್ನುವ ವರದಿ 150ಕ್ಕೂ ಜಾಸ್ತಿ ಹೆಂಗಸರಿಗೆ ತಪ್ಪಾಗಿ ಹೋಯಿತು. ಎಂಥ ತಪ್ಪು ಅಲ್ವಾ?

ನಮ್ಮ ಕರಡಿಗೋಡಿನ ಹೊಳೆದಂಡೆಯ ಮನೆಗಳಿಗೂ ಮಳೆಗಾಲದಲ್ಲಿ ಜಾಗ ಖಾಲಿ ಮಾಡಿ ಅಂತ ನೋಟಿಸ್ ಬರುತ್ತದೆ. ನೀರು ಏರದ ವರ್ಷ ಎಲ್ಲರೂ ಬೈಯುತ್ತಾರೆ. 2019ರಲ್ಲಿ ಕಾವೇರಿ ಉಕ್ಕಿದಾಗ ಯಾರೂ ಬೈಯಲಿಲ್ಲ.

ಆದರೂ ನೀವು ಹೇಳಿದ ಮೂರನ್ನೂ ಒಂದೇ ಅಂತ ನಾನು ಹೇಳುವುದಿಲ್ಲ. ಕಂಪ್ಯೂಟರ್ ಸಮಸ್ಯೆಗೆ ತಾರೀಕು ಗೊತ್ತಿತ್ತು, ಎಲ್ಲಿ ತಿದ್ದಬೇಕು ಅನ್ನುವುದೂ ಗೊತ್ತಿತ್ತು. ನಿಪಾ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದು ಹೆಚ್ಚಾಗಿ ರೋಗಿ ಹಾಸಿಗೆ ಹಿಡಿದ ಮೇಲೆ, ಹತ್ತಿರ ಇದ್ದು ನೋಡಿಕೊಳ್ಳುವವರಿಗೆ. ಹಾಗಾಗಿ 2018ರಲ್ಲಿ ಕೋಯಿಕ್ಕೋಡ್, ಮಲಪ್ಪುರಂನಲ್ಲಿ ರೋಗಿಗಳ ಸಂಪರ್ಕಕ್ಕೆ ಬಂದ 2,000ಕ್ಕೂ ಜಾಸ್ತಿ ಜನರನ್ನು ಹುಡುಕಿ, ಅವರ ಮೇಲೆ ಕಣ್ಣಿಟ್ಟು, ಕೆಲವೇ ವಾರಗಳಲ್ಲಿ ಹಿಡಿತಕ್ಕೆ ತಂದರು. ಕೊರೊನಾ ಹಾಗಲ್ಲ. ಜ್ವರ, ಕೆಮ್ಮು ಶುರುವಾಗುವ ಮೊದಲೇ, ಆರಾಮಾಗಿ ಓಡಾಡುವವರಿಂದಲೇ ಹರಡುತ್ತಿತ್ತು. ರೋಗಿಯನ್ನು ಹುಡುಕಿ ಹಿಡಿಯುವ ದಾರಿ ಅದಕ್ಕೆ ಸಾಲದು. ಲಸಿಕೆ ಬರುವ ತನಕ ಜನ ಗುಂಪು ಸೇರುವುದನ್ನೇ ಕಡಿಮೆ ಮಾಡಬೇಕಿತ್ತು. ಇನ್ನು ‘ಸುಮ್ನೆ ಹೆದರಿಸಿದರು’ ಅನ್ನುವ ಮಾತಂತೂ ನಮ್ಮ ಜಿಲ್ಲೆಗೆ ಒಪ್ಪುವುದಿಲ್ಲ. 2021ರ ಜೂನ್‌ನಲ್ಲಿ ಬೇರೆ ಜಿಲ್ಲೆಗಳು ತೆರೆಯುತ್ತಿದ್ದಾಗಲೂ ಇಲ್ಲಿ ಸೋಂಕು ಇಳಿಯದೆ ನಿರ್ಬಂಧ ಮುಂದುವರಿದಿತ್ತು.

ಹಾಗಂತ ಮಾಡಿದ್ದೆಲ್ಲ ಸರಿಯೇ? ಖಂಡಿತ ಅಲ್ಲ. 2020ರ ಮಾರ್ಚ್‌ನಲ್ಲಿ ಕೇರಳ ಗಡಿಯ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ಅಷ್ಟರಲ್ಲಿ ಜಿಲ್ಲೆಯ ಮೊದಲ ಪ್ರಕರಣ ವಿದೇಶದಿಂದ ವಿಮಾನದಲ್ಲಿ ಬಂದಾಗಿತ್ತು. ಚೆಕ್‌ಪೋಸ್ಟ್ ಇಟ್ಟು ತಪಾಸಣೆ ಮಾಡಿದ್ದರೆ ಸಾಕಿತ್ತು. ಆಂಬುಲೆನ್ಸ್‌ಗಾದರೂ ದಾರಿ ಬೇಡವೇ?

ನನಗೆ ಅದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಶಾಲೆಗಳ ವಿಷಯ. ಪ್ರವಾಸಿಗರ ಕಾರುಗಳು ಮತ್ತೆ ಮಡಿಕೇರಿ ಬೆಟ್ಟ ಹತ್ತಿದವು, ನಿಮ್ಮ ಹೋಂಸ್ಟೇ ಬಾಗಿಲೂ ತೆರೆಯಿತು. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಮಾತ್ರ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಲ್ಲಿಯವರೆಗೆ ಆನ್‌ಲೈನ್ ಪಾಠ ಅಂದರು. ಮಳೆಗಾಲದಲ್ಲಿ ಕರೆಂಟೇ ಇರದ ಊರಲ್ಲಿ, ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದ ಊರಲ್ಲಿ! ಕಾರ್ಮಿಕರ ಲೈನ್‌ಮನೆಯಲ್ಲಿ ಇರುವ ಒಂದು ಫೋನನ್ನೂ ಅಪ್ಪ ತೋಟಕ್ಕೆ ಒಯ್ದರೆ ಮಗು ಯಾವುದರಲ್ಲಿ ಪಾಠ ಕೇಳಬೇಕು? ನಿಮ್ಮ ಸಿಟ್ಟನ್ನು ದಯವಿಟ್ಟು ಈ ಕಡೆ ತಿರುಗಿಸಿ. ಮುಂದಿನ ಸಲ ಮೊದಲು ಯಾವುದನ್ನು ತೆರೆಯಬೇಕು ಅಂತ ಇನ್ನೊಂದು ಪತ್ರ ಬರೆಯಿರಿ, ಪ್ರಕಟಿಸುತ್ತೇವೆ.