ದುಡ್ಡಿಲ್ಲ, ಶೆಡ್ ಇಲ್ಲ, ರೊಟ್ಟಿ ವ್ಯಾಪಾರ ಹೇಗೆ?

ಪ್ರಶ್ನೆ: ನಾವು ಐದು ಮಂದಿ ಹೆಣ್ಣುಮಕ್ಕಳು ಸೇರಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಮಾಡಿ ಕಲಬುರಗಿ ಪೇಟೆಗೆ ಕೊಡಬೇಕು ಅಂತಿದ್ದೇವೆ. ರೊಟ್ಟಿ ಯಂತ್ರಕ್ಕೆ ದುಡ್ಡಿಲ್ಲ, ಕೂತು ಮಾಡಲು ಜಾಗವೂ ಇಲ್ಲ. ಸಾಲ ಸಿಗುವವರೆಗೆ ಕಾಯಬೇಕಾ?
– ಓದುಗರೊಬ್ಬರು, ಸೇಡಂ

ಉತ್ತರ: ಕಾಯಬೇಡಿ ಅಕ್ಕಾ. ಐದು ಮನೆಯ ಒಲೆ ಇವೆ, ರೊಟ್ಟಿ ಬಡಿದು ಪಳಗಿದ ಕೈ ಇವೆ, ಹಿತ್ತಲಲ್ಲಿ ತೊಗರಿ ಕಟ್ಟಿಗೆಯೂ ಬಿದ್ದಿರುತ್ತದೆ. ಇದೂ ಬಂಡವಾಳವೇ ಅಲ್ವಾ? ಲಿಜ್ಜತ್ ಹಪ್ಪಳ ನೋಡಿ. 1959ರಲ್ಲಿ ಮುಂಬೈಯ ಏಳು ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಮಹಡಿ ಮೇಲೆ ಶುರು ಮಾಡಿದರು. ಮುಂದೆ ಸಾವಿರಾರು ಜನ ಸೇರಿದರೂ ಹಿಟ್ಟು ಒಂದೇ ಕಡೆ ಕಲಸಿ, ಲಟ್ಟಿಸಲು ಮನೆಗೆ ಕೊಂಡೊಯ್ಯುವ ಪದ್ಧತಿ ಇದ್ದುದರಿಂದ ಅಷ್ಟೂ ಜನ ಕೂರುವ ಕಟ್ಟಡ ಬೇಕಾಗಲಿಲ್ಲ. ನೀವೂ ಜೋಳ ಒಂದೇ ಗಿರಣಿಯಲ್ಲಿ ಬೀಸಿಸಿ, ರೊಟ್ಟಿ ಅವರವರ ಮನೆಯಲ್ಲಿ ಬಡಿದು, ಪ್ಯಾಕಿಂಗ್ ಒಬ್ಬರ ಮನೆಯಲ್ಲಿ ಮಾಡಿ. ಎಲ್ಲರ ರೊಟ್ಟಿಯ ಅಳತೆ ಒಂದೇ ಇರಲಿ.

ಆದರೆ ಎಲ್ಲದರಲ್ಲೂ ಹೀಗೆ ಹೊಂದಿಸಿಕೊಂಡು ಹೋದರೆ ಏಳಿಗೆ ಆಗುವುದಿಲ್ಲ. ಇದು ನನ್ನ ಮಾತಷ್ಟೇ ಅಲ್ಲ. ಟೆಡ್ ಬೇಕರ್, ರೀಡ್ ನೆಲ್ಸನ್ ಎಂಬ ಸಂಶೋಧಕರು ಅಮೆರಿಕದ 29 ಸಣ್ಣ ಉದ್ಯಮಗಳನ್ನು ಹತ್ತಿರದಿಂದ ನೋಡಿ 2005ರಲ್ಲಿ ಬರೆದರು: ಪ್ರತಿಯೊಂದಕ್ಕೂ ಇದ್ದುದರಲ್ಲೇ ಸುಧಾರಿಸಿಕೊಂಡವರು ಇದ್ದಲ್ಲೇ ಉಳಿದರು, ಕೆಲವು ಕಡೆ ಮಾತ್ರ ಹಾಗೆ ಮಾಡಿ ಉಳಿದ ಕಡೆ ಸರಿಯಾಗಿ ಖರ್ಚು ಮಾಡಿದವರು ಬೆಳೆದರು. ನಮ್ಮ ಬೀದರಿನ ಬಿದ್ರಿ ಕೆಲಸದವರು ಮಾಡುವುದೂ ಇದನ್ನೇ. ಪಾತ್ರೆ ಹೆಚ್ಚಾಗಿ ಸತು, ಸ್ವಲ್ಪ ತಾಮ್ರ. ಅದಕ್ಕೆ ಕಪ್ಪು ಬಣ್ಣ ಬರುವುದು ಹಳೆಯ ಕೋಟೆಯ ಮಣ್ಣಿನಿಂದ. ಅದರ ಮೇಲೆ ಕೂರಿಸುವ ಬೆಳ್ಳಿ ಮಾತ್ರ ಬೆಳ್ಳಿಯೇ!

ನಿಮಗೆ ಬೆಳ್ಳಿ ಅಂದರೆ ಒಳ್ಳೆ ಜೋಳ, ಗಟ್ಟಿ ಪ್ಯಾಕಿಂಗ್, ಆಹಾರ ಸುರಕ್ಷತೆಯ ನೋಂದಣಿ. ಸುಮ್ನೆ ಸಿಕ್ಕ ಚೀಲದಲ್ಲಿ ತುಂಬಬೇಡಿ. ತೇವ ತಾಗಿದರೆ ಕಡಕ್ ರೊಟ್ಟಿ ಮೆತ್ತಗಾಗುತ್ತದೆ, ಗಾಳಿ ಹೊಕ್ಕರೆ ಹಿಂಡಿ ಕಮಟು ಹಿಡಿಯುತ್ತದೆ. ಅಂಗಡಿಯವರು ಮತ್ತೆ ಹತ್ತಿರ ಸೇರಿಸುವುದಿಲ್ಲ.

ಶುರುವಿಗೆ ಅಂಗಡಿಗೆ ಉದ್ರಿ ಕೊಡಬೇಡಿ. ಖಾನಾವಳಿ, ಮದುವೆ ಮನೆಗಳ ಆರ್ಡರ್ ಹಿಡಿದು ಅರ್ಧ ದುಡ್ಡು ಮುಂಗಡ ಕೇಳಿ, ಅದರಲ್ಲೇ ಜೋಳ ಬರುತ್ತದೆ. ದಿನದ ಲೆಕ್ಕ ಬರೆದಿಡಿ. ಒಲೆಗಳು ಸಾಲದಷ್ಟು ಆರ್ಡರ್ ಬಂದಾಗ ಆ ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ, ಯಂತ್ರದ ಮಾತು ಆಗ ಆಡೋಣ.