ಕೋವಿಡ್ ಕಾಲದ ಸೋಲಾರ್: ಪೆಟ್ಟು ಬಿದ್ದದ್ದು ಯಾರಿಗೆ?

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರ ಪತ್ರ: ‘ನನ್ನ ತಮ್ಮ ಚಾವಣಿಗೆ ಸೋಲಾರ್ ಪ್ಯಾನೆಲ್ ಕೂರಿಸುವ ವ್ಯಾಪಾರ ಮಾಡುತ್ತಿದ್ದ. 2020ರ ಲಾಕ್‌ಡೌನ್ ಆದ ಮೇಲೆ ಅಂಗಡಿ ಮುಚ್ಚಿದ. ಅದೇ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಸೋಲಾರ್ ವಿದ್ಯುತ್ ಯೂನಿಟ್‌ಗೆ 1 ರೂಪಾಯಿ 99 ಪೈಸೆಗೆ ಇಳಿದು ದಾಖಲೆಯಾಯಿತು. ಬಿಸಿಲಿಗೇನೂ ಸೋಂಕು ತಗಲಲಿಲ್ಲ. ಹಾಗಾದರೆ ಕೋವಿಡ್ ಈ ಮಾರುಕಟ್ಟೆಗೆ ಒಳ್ಳೆಯದು ಮಾಡಿತೋ, ಕೆಟ್ಟದ್ದೋ?’

ಪ್ರಿಯ ಓದುಗರೇ,

ಎರಡನ್ನೂ ಮಾಡಿತು. ಒಳ್ಳೆಯದು ದೊಡ್ಡ ಸೋಲಾರ್ ಪಾರ್ಕ್ ಕಟ್ಟುವವರ ಪಾಲಿಗೆ ಬಂತು, ಪೆಟ್ಟು ನಿಮ್ಮ ತಮ್ಮನಂಥವರ ಬೆನ್ನಿಗೆ ಬಿತ್ತು.

ಮೊದಲ ಏಟು ಲಾಕ್‌ಡೌನ್‌ಗೂ ಮುಂಚೆ, ಫೆಬ್ರುವರಿಯಲ್ಲೇ ಬಿದ್ದಿತ್ತು. ಆಗ ನಾವು ಬಳಸುತ್ತಿದ್ದ ಪ್ಯಾನೆಲ್‌ಗಳಲ್ಲಿ ಬಹುಪಾಲು ಚೀನಾದವು. ಇಲ್ಲೇ ಜೋಡಿಸಿದ ಪ್ಯಾನೆಲ್‌ನ ಒಳಗೆ ಬಿಸಿಲನ್ನು ವಿದ್ಯುತ್ತಾಗಿಸುವ ಸೆಲ್ಲೂ ಹೆಚ್ಚಾಗಿ ಅಲ್ಲಿಂದಲೇ ಬರಬೇಕಿತ್ತು. ಅಲ್ಲಿ ಕಾರ್ಖಾನೆ ನಿಂತಾಗ ಇಲ್ಲಿ ಸರಕು ತಡವಾಯಿತು.

ಮಾರ್ಚ್ 25ರ ನಂತರ ಕಾರ್ಖಾನೆ, ಹೋಟೆಲ್, ಕಚೇರಿ ಎಲ್ಲ ಮುಚ್ಚಿದವು. ಏಪ್ರಿಲ್‌ನಲ್ಲಿ ದೇಶದ ವಿದ್ಯುತ್ ಬೇಡಿಕೆ ಹಿಂದಿನ ವರ್ಷಕ್ಕಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು. ಆದರೂ ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್‌ನಂಥವಕ್ಕೆ ನಿಯಮದ ರಕ್ಷಣೆಯಿತ್ತು. ಇಂಧನದ ಖರ್ಚೇ ಇಲ್ಲದ ಈ ವಿದ್ಯುತ್ತನ್ನು ಮೊದಲು ಕೊಳ್ಳಬೇಕು, ಬೇಡಿಕೆ ತಗ್ಗಿದರೆ ಕಲ್ಲಿದ್ದಲು ಘಟಕಗಳ ಉತ್ಪಾದನೆ ಇಳಿಸಬೇಕು ಎಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಏಪ್ರಿಲ್ 1ರಂದು ಮತ್ತೆ ಎಚ್ಚರಿಸಿತ್ತು. ತೊಡಕಾದದ್ದು ಹಣಕ್ಕೆ. ಹೆಚ್ಚು ದರ ಕೊಡುವ ಉದ್ಯಮಗಳೇ ಮುಚ್ಚಿದಾಗ, ವಿದ್ಯುತ್ ಕೊಂಡು ಹಂಚುವ ಕಂಪನಿಗಳ ಗಲ್ಲಾ ಬರಿದಾಯಿತು. ಉತ್ಪಾದಕರ ಬಾಕಿ ತೀರಿಸಲು ಕೇಂದ್ರ ಮೇ ತಿಂಗಳಲ್ಲಿ 90,000 ಕೋಟಿ ರೂಪಾಯಿ ಸಾಲದ ವ್ಯವಸ್ಥೆ ಘೋಷಿಸಬೇಕಾಯಿತು.

ಇನ್ನು ಆ 1.99ರ ಮಾತು. ಸೋಲಾರ್ ಸ್ಥಾವರದ ಖರ್ಚೆಲ್ಲ ಮೊದಲೇ ಸುರಿಯುವಂಥದ್ದು, ಅದೂ ಬಹುಪಾಲು ಸಾಲ ತಂದು. ಆದ್ದರಿಂದ ಯೂನಿಟ್ ದರದಲ್ಲಿ ಬಡ್ಡಿಯ ಪಾಲು ದೊಡ್ಡದು. ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ಶೇ 5.15ರಷ್ಟಿದ್ದ ರೆಪೊ ದರವನ್ನು, ಮೇ 22ರ ಹೊತ್ತಿಗೆ ಶೇ 4ಕ್ಕೆ ಇಳಿಸಿತ್ತು. ಜಗತ್ತಿನಲ್ಲೆಲ್ಲ ಹಣ ಅಗ್ಗವಾಗಿತ್ತು. 25 ವರ್ಷ ಖಾತ್ರಿ ಖರೀದಿಯ ಒಪ್ಪಂದವಿರುವ ಕಡೆಗೆ ಅದು ಹರಿಯಿತು. ಜೊತೆಗೆ ಆ 1.99 ಮುಂದೆ ಕಟ್ಟಬೇಕಾದ ಸ್ಥಾವರದ ದರ. ಪ್ಯಾನೆಲ್ ಬೆಲೆ ಇನ್ನೂ ಇಳಿಯುತ್ತದೆ ಎಂಬ ನಿರೀಕ್ಷೆಯೂ ಅದರಲ್ಲಿ ಸೇರಿತ್ತು. ಆದರೆ 2021ರಲ್ಲಿ ಸೆಲ್ಲಿನ ಕಚ್ಚಾವಸ್ತುವಾದ ಪಾಲಿಸಿಲಿಕಾನ್ ಬೆಲೆ, ಹಡಗಿನ ಬಾಡಿಗೆ ಎರಡೂ ಗಗನಕ್ಕೇರಿದವು.

ನಿಮ್ಮ ತಮ್ಮನಿಗೆ ಆ ಅಗ್ಗದ ಹಣ ಸಿಗುವಂತಿರಲಿಲ್ಲ. ಚಾವಣಿ ಕೆಲಸ ಹೇಗೆ ನಡೆಯುತ್ತದೆ ನೋಡಿ. ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಪ್ಯಾನೆಲ್ ಬಿಗಿದು, ಇನ್ವರ್ಟರ್ ಕೂರಿಸಿದರೂ ಕೆಲಸ ಮುಗಿಯುವುದಿಲ್ಲ. ವಿದ್ಯುತ್ ಕಂಪನಿಯ ಎಂಜಿನಿಯರ್ ಬಂದು ಪರಿಶೀಲಿಸಿ, ಹಳೆಯ ಮೀಟರ್ ತೆಗೆದು, ಒಳಗೆ ಬಂದ ವಿದ್ಯುತ್ತನ್ನೂ ಹೊರಗೆ ಕೊಟ್ಟದ್ದನ್ನೂ ಲೆಕ್ಕ ಹಿಡಿಯುವ ಮೀಟರ್ ಹಾಕುವತನಕ ಗ್ರಾಹಕ ಕೊನೆಯ ಕಂತು ಬಿಡುವುದಿಲ್ಲ. ಲಾಕ್‌ಡೌನಿನಲ್ಲಿ ಯಾರು ಬರುತ್ತಾರೆ? ಅಷ್ಟರಲ್ಲಿ ಕೆಲಸಗಾರರು ಊರು ಸೇರಿರುತ್ತಾರೆ. ಪ್ಯಾನೆಲ್ ಕೊಟ್ಟ ಡೀಲರ್ ಫೋನ್ ಮೇಲೆ ಫೋನ್ ಮಾಡುತ್ತಾನೆ. ಆರ್ಡರ್ ಕೊಟ್ಟಿದ್ದ ಕಲ್ಯಾಣ ಮಂಟಪದವರು, ಖಾಸಗಿ ಶಾಲೆಯವರು ‘ಮುಂದಿನ ವರ್ಷ ನೋಡೋಣ’ ಎನ್ನುತ್ತಾರೆ.

ಯೋಜನೆ ಮುಗಿಸಲು ಕೇಂದ್ರ ಐದು ತಿಂಗಳ ಹೆಚ್ಚುವರಿ ಗಡುವು ಕೊಟ್ಟಿತು. ದಂಡದ ಭಯವಿದ್ದ ದೊಡ್ಡ ಕಂಪನಿಗೆ ಅದು ನಿಜಕ್ಕೂ ಉಸಿರು ಕೊಟ್ಟಿತು. ಅಂಗಡಿ ಬಾಡಿಗೆ ಕಟ್ಟಬೇಕಾದವನಿಗೆ ಗಡುವಿನಿಂದ ಏನಾಗಬೇಕು?

ದೇಶದ ಸೋಲಾರ್ ಸಾಮರ್ಥ್ಯ 2020ರ ಮಾರ್ಚ್ ಕೊನೆಗೆ ಸುಮಾರು 34.6 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಎಂದರೆ ಸಾವಿರ ಮೆಗಾವ್ಯಾಟ್) ಇತ್ತು. ಒಂದು ವರ್ಷದಲ್ಲಿ 40ಕ್ಕೆ, ಮತ್ತೊಂದು ವರ್ಷದಲ್ಲಿ 54ಕ್ಕೆ ಏರಿತು. ಮಾರುಕಟ್ಟೆ ಚೇತರಿಸಿಕೊಂಡಿತು ಎಂದು ಇದನ್ನು ತೋರಿಸಿಯೇ ಹೇಳುತ್ತಾರೆ. ಆ ಎರಡು ವರ್ಷದಲ್ಲಿ ಬಾಗಿಲು ಹಾಕಿದ ಅಂಗಡಿಗಳು ಈ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ, ನನಗೆ ಬೇಸರ ಅದರದ್ದೇ.

ಮತ್ತೆ ಇಂಥ ಕಾಲ ಬಂದರೆ ಸರ್ಕಾರ ಮೊದಲು ಮಾಡಬೇಕಾದದ್ದು, ಮುಗಿದ ಚಾವಣಿ ಕೆಲಸಗಳ ಸಹಾಯಧನವನ್ನೂ ಸರ್ಕಾರಿ ಕಟ್ಟಡಗಳ ಬಿಲ್ಲನ್ನೂ ಆ ತಿಂಗಳೇ ಚುಕ್ತಾ ಮಾಡುವುದು. ಮೀಟರ್ ಬದಲಿಸುವ ಸಿಬ್ಬಂದಿಯನ್ನೂ ಲೈನ್‌ಮನ್‌ಗಳಂತೆ ಅಗತ್ಯ ಸೇವೆ ಎಂದು ಓಡಾಡಲು ಬಿಡಬೇಕು. ನಿಮ್ಮ ತಮ್ಮ ಮತ್ತೆ ಈ ಕೆಲಸಕ್ಕೆ ಇಳಿಯುವುದಾದರೆ, ಕೊನೆಯ ಕಂತನ್ನು ಮೀಟರ್‌ಗೆ ಕಟ್ಟಿಹಾಕುವ ಕರಾರಿಗೆ ಒಪ್ಪದಿರಲಿ.

– ಸಂ.