ಹೀಗೆ ಹೀಗೆ ಕಲ್ಪಿಸಿಕೊಳ್ಳಿ ಅಂತ ಹೇಳಿಕೊಡುವ ಆಡಿಯೋ ಕೇಳುತ್ತಾ ಕಣ್ಣು ಮುಚ್ಚಿ ಕಲ್ಪಿಸಿಕೊಂಡರೆ ಕನಸು ನನಸಾಗುತ್ತಾ?

ಸುಮ್ನೆ ಗೆದ್ದ ಹಾಗೆ ಕಲ್ಪಿಸಿಕೊಂಡರೆ ಆಗಲ್ಲ. ಮನಸ್ಸಿನಲ್ಲಿ ಏನನ್ನು ನೋಡಿಕೊಳ್ಳುತ್ತೀರಿ ಅನ್ನೋದು ಮುಖ್ಯ. ಮನಶ್ಶಾಸ್ತ್ರ ಸಂಶೋಧಕರಾದ ಲಿಯೆನ್ ಫಾಮ್, ಶೆಲ್ಲಿ ಟೇಲರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆ ಅಂಕ ಬಂದ ಖುಷಿಯನ್ನು ನೆನೆಸಿಕೊಂಡ ವಿದ್ಯಾರ್ಥಿಗಳಿಗಿಂತ, ಕೂತು ಓದುವುದನ್ನೇ ಮನಸ್ಸಿನಲ್ಲಿ ನೋಡಿಕೊಂಡವರು ಜಾಸ್ತಿ ಓದಿದರು, ಅಂಕವೂ ಅವರಿಗೇ ಜಾಸ್ತಿ ಬಂತು.

ಹಾಗಾಗಿ ಪುಸ್ತಕ ಬರೆಯುವ ಕನಸಿದ್ದರೆ ಬಿಡುಗಡೆ ಸಮಾರಂಭ, ಚಪ್ಪಾಳೆ ಎಲ್ಲ ಆಮೇಲೆ. ಬೆಳಿಗ್ಗೆ ಕುರ್ಚಿ ಎಳೆದು ಕೂರುವುದು, ಫೋನನ್ನು ಪಕ್ಕದ ಕೋಣೆಯಲ್ಲಿಡುವುದು, ಮೊದಲ ಸಾಲು ಹೊಳೆಯದೆ ಒದ್ದಾಡುವುದು, ಎದ್ದು ಹೋಗೋಣ ಅನ್ನಿಸಿದರೂ ಏನೋ ಒಂದು ಗೀಚುವುದು, ಇಷ್ಟನ್ನು ಮನಸ್ಸಿನಲ್ಲಿ ನೋಡಿಕೊಳ್ಳಿ. ಐದು ನಿಮಿಷ ಸಾಕು. ಆಡಿಯೋ ಬೇಕೇ ಬೇಕು ಅಂತೇನಿಲ್ಲ, ಮನಸ್ಸು ಅಲ್ಲಿ ಇಲ್ಲಿ ಓಡುವವರಿಗೆ ಸಹಾಯ ಆಗುತ್ತೆ ಅಷ್ಟೆ, ಅದಕ್ಕೆ ದುಡ್ಡು ಸುರಿಯಬೇಡಿ. ಕಣ್ಣು ಬಿಟ್ಟ ತಕ್ಷಣ ಆ ಕುರ್ಚಿ ಎಳೆದು ಕೂತುಬಿಡಿ.